ಮನೋರಿಯಲ್ಲಿ ಮೊದಲ ಪಂಕ್ತಿ

ದಸರಾ ಮುಗಿದ ಮೇಲೆ ಬರುವ ಮೊದಲ ಭಾನುವಾರವನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಮುಂಬಯಿಯಲ್ಲಿ ಅದು ಮಳೆ ನಿಂತು, ಚಳಿ ಇನ್ನೂ ಬಾರದೆ, ಬಿಸಿಲು ಮಾತ್ರ ತಲೆಯ ಮೇಲೆ ಬಂದು ಕೂರುವ ಕಾಲ. ಆ ದಿನ ನಾವು ನಾಲ್ವರು ಸ್ನೇಹಿತರು ಮಲಾಡಿನಲ್ಲಿ ಲೋಕಲ್ ಇಳಿದು, ಮಾರ್ವೆಯಲ್ಲಿ ಬೋಟು ಹತ್ತಿ, ಖಾಡಿಯ ಹಿನ್ನೀರು ದಾಟಿ ಕಡಲ ಬದಿಯ ಮನೋರಿಗೆ ಹೋಗುತ್ತೇವೆ. ಹದಿನೇಳು ವರ್ಷಗಳಿಂದ ಹೋಗುತ್ತಿದ್ದೇವೆ. ಉಳಿದ ಮೂವರು ಅದನ್ನು ಪಿಕ್‌ನಿಕ್ ಎನ್ನುತ್ತಾರೆ. ನನಗೆ ಅದು ಇನ್ನೊಂದು ಡ್ಯೂಟಿ.

ನಾನು ಅಡುಗೆಯವನು. ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಮೂವತ್ತು ವರ್ಷ ಕಳೆದಿದ್ದೇನೆ. ನಮಗೆ ವಾರದ ರಜೆ ಮಂಗಳವಾರ ಬರುತ್ತದೆ, ಬುಧವಾರ ಬರುತ್ತದೆ, ಭಾನುವಾರ ಮಾತ್ರ ಬರುವುದಿಲ್ಲ. ಊರಿಗೆ ಊರೇ ಹೊರಗೆ ತಿನ್ನಲು ಹೊರಡುವ ದಿನ ಅಡುಗೆಯವನು ಮನೆಯಲ್ಲಿ ಕೂತರೆ ಹೋಟೆಲು ನಡೆಯುವುದು ಹೇಗೆ? ಅದಕ್ಕಾಗಿ ಆ ಒಂದು ಭಾನುವಾರದ ರಜೆಗೆ ನಾನು ಗಣಪತಿ ಹಬ್ಬದ ಹೊತ್ತಿಗೇ ಮಾಲೀಕರ ಬೆನ್ನು ಬೀಳಬೇಕು. ಹಾಗೆ ಕಾಡಿ ಬೇಡಿ ಪಡೆದ ರಜೆಯಲ್ಲಿ ನಾನು ಮಾಡುವುದೇನು? ಅಡುಗೆ.

ನಾಲ್ವರೂ ಒಂದು ಕಾಲಕ್ಕೆ ಅದೇ ಹೋಟೆಲಿನ ಮಾಳಿಗೆಯ ಮೇಲೆ ಒಂದೇ ಚಾಪೆಯಲ್ಲಿ ಮಲಗಿದವರು. ಅವರು ಮೂವರು ಹೊರಗೆ ವೇಟರ್‌ಗಳು, ನಾನು ಒಳಗೆ. ಒಬ್ಬ ಈಗ ಅಂಧೇರಿಯಲ್ಲಿ ಸ್ವಂತ ಹೋಟೆಲು ಇಟ್ಟಿದ್ದಾನೆ. ಇನ್ನೊಬ್ಬ ಕನ್ನಡ ರಾತ್ರಿಶಾಲೆಗೆ ಹೋಗಿ ಮೆಟ್ರಿಕ್ ಪಾಸಾಗಿ ಸರಕಾರಿ ಕಚೇರಿ ಸೇರಿದ. ಮೂರನೆಯವನು ದಾದರಿನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅವರ ಏಳಿಗೆ ಕಂಡು ನನಗೆ ಹೊಟ್ಟೆಯುರಿ ಎಂದು ಯಾರೂ ತಿಳಿಯಬಾರದು. ಒಲೆಯ ಮುಂದೆ ನಿಲ್ಲುವುದು ನನಗೆ ಇಷ್ಟದ ಕೆಲಸ. ನನ್ನ ತಕರಾರು ಬೇರೆಯೇ ಇದೆ.

ಮೊದಲ ವರ್ಷ ಮನೋರಿಯ ಆ ಬಾಡಿಗೆ ಬಂಗಲೆಯ ಉದ್ದ ಜಗಲಿ ಕಂಡದ್ದೇ ಅಂಧೇರಿಯವನು ಕುಣಿದಾಡಿದ್ದ. "ಬೇರೆಯವರ ಪ್ಲೇಟ್ ಎತ್ತಿದ್ದು ಸಾಕು ಮಾರಾಯ. ಇವತ್ತು ಊರಿನ ಮದುವೆಯ ಹಾಗೆ ಎಲೆ ಹಾಕಿ ಪಂಕ್ತಿಯಲ್ಲಿ ಕೂತು ಉಣ್ಣುವ" ಎಂದ. ನನಗೂ ಖುಷಿಯಾಯಿತು. ಸೌತೆಕಾಯಿ ಹುಳಿ, ಬೀನ್ಸ್ ಪಲ್ಯ, ಸಾರು, ಹೆಸರುಬೇಳೆ ಪಾಯಸ ಮಾಡಿ ಹೊರಗೆ ತಂದರೆ ಮೂವರೂ ಎಲೆಯ ಮುಂದೆ ಸಾಲಾಗಿ ಕೂತಿದ್ದಾರೆ. ಬಡಿಸುವವರು ಯಾರು? ನಾನೇ. ಅವರು ತೇಗಿ ಎದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ನಾನು ಅಡುಗೆಮನೆಯಲ್ಲೇ ನಿಂತುಕೊಂಡು ಉಂಡೆ. ಮುಂದಿನ ವರ್ಷವೂ ಹಾಗೆಯೇ. ಅದರ ಮುಂದಿನ ವರ್ಷ ಯಾರೂ ಕೇಳಲೂ ಇಲ್ಲ, ತರಕಾರಿ ಚೀಲ ನೇರವಾಗಿ ನನ್ನ ಕಾಲ ಬುಡಕ್ಕೆ ಬಂತು. ಅಂಧೇರಿಯವನ ಹೋಟೆಲಿನಲ್ಲಿ ಐದು ಜನ ಅಡುಗೆಯವರಿದ್ದಾರೆ. ಒಬ್ಬನನ್ನು ಕರೆತರಬಾರದೇ ಎಂದರೆ, "ಸಂಡೇ ಅಲ್ವಾ, ಸ್ಟಾಫನ್ನು ಬಿಡ್ಲಿಕ್ಕೆ ಆಗುದಿಲ್ಲ" ಎನ್ನುತ್ತಾನೆ. ನನ್ನ ಸಂಡೇಗೆ ಮಾತ್ರ ಬೆಲೆಯಿಲ್ಲ.

ಇಷ್ಟನ್ನೂ ನಾನು ನುಂಗಿಕೊಂಡಿದ್ದೆ. ನುಂಗಲಾಗದ ಮಾತು ಬಂದದ್ದು ಹೋದ ವರ್ಷ. ಬಂಗಲೆಯ ಮಾಲೀಕ, ಒಬ್ಬ ಗುಜರಾತಿ, ಮಧ್ಯಾಹ್ನ ಸುಮ್ಮನೆ ನೋಡಿ ಹೋಗಲು ಬಂದ. ಅಂಧೇರಿಯವನು ಉಳಿದಿಬ್ಬರ ಹೆಗಲ ಮೇಲೆ ಕೈಹಾಕಿ, "ಯೇ ಮೇರೇ ಪುರಾನೇ ದೋಸ್ತ್" ಎಂದು ಪರಿಚಯಿಸಿದ. ನಾನು ಪಾಯಸದ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನನ್ನ ಕಡೆ ಗದ್ದ ಎತ್ತಿ, "ಔರ್ ಯೇ ಹಮಾರಾ ಕುಕ್" ಎಂದ. ಮಾಲೀಕ ನನ್ನ ಮುಖವನ್ನೂ ನೋಡದೆ ಪಾತ್ರೆಯನ್ನು ನೋಡಿ ತಲೆಯಾಡಿಸಿದ. ಒಂದೇ ಚಾಪೆಯಲ್ಲಿ ಆರು ವರ್ಷ ಮಲಗಿದವನಿಗೆ, ಟೈಫಾಯ್ಡ್ ಬಂದಾಗ ನಾನು ಗಂಜಿ ಕುಡಿಸಿ ಎಬ್ಬಿಸಿದವನಿಗೆ, ನನ್ನನ್ನು ದೋಸ್ತ್ ಎನ್ನಲು ನಾಲಿಗೆಗೆ ಏನು ಭಾರವಾಗಿತ್ತು? ಆ ಮಾತು ವರ್ಷವಿಡೀ ನನ್ನ ಎದೆಯಲ್ಲಿ ಕುದಿಯಿತು. ನಾನು ಇವರ ಸ್ನೇಹಿತನೋ ಅಡುಗೆಯವನೋ ಎಂಬುದು ಈ ಸಲ ಇತ್ಯರ್ಥವಾಗಲೇಬೇಕು ಎಂದು ತೀರ್ಮಾನಿಸಿದೆ.

ಈ ಸಲ ಹೆಂಗಸರೂ ಬರಲಿ ಎಂದು ಎಲ್ಲರೂ ಸೇರಿ ಮಾತಾಡಿಕೊಂಡಿದ್ದರು. ನನ್ನ ಹೆಂಡತಿ ದಹಿಸರಿನ ಒಂದು ಕೋಣೆಯ ಮನೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಈ ಊರಿನ ಸಮುದ್ರವನ್ನು ಅವಳು ನೋಡಿದ್ದು ಗಣಪತಿ ಬಿಡುವ ದಿನದ ನೂಕುನುಗ್ಗಲಿನಲ್ಲಿ, ಅದೂ ದೂರದಿಂದ. ಆ ದಿನ ದಸರಾಕ್ಕೆ ತೆಗೆದ ಹೊಸ ಸೀರೆ ಉಟ್ಟಿದ್ದಳು. ಬೋಟಿನಲ್ಲಿ ಕೂತು, "ಅಲ್ಲಿ ನೀರಿಗೆ ಇಳಿಲಿಕ್ಕೆ ಆಗ್ತದಾ? ಹೆಚ್ಚು ಬೇಡ, ಕಾಲು ಅದ್ದುವಷ್ಟು" ಎಂದು ಕೇಳಿದಳು. ನಾನು ಅಂಧೇರಿಯವನಿಗೆ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಸಾಲಾಗಿ ಜೋಡಿಸುತ್ತಿದ್ದೆ. "ಆಗ್ತದೆ, ಆಗ್ತದೆ, ಸುಮ್ನೆ ಕೂತ್ಕೋ" ಎಂದು ಗದರಿಸಿದೆ.

ಬಂಗಲೆ ತಲುಪಿದ್ದೇ ಹೆಂಗಸರು ನಾಲ್ವರೂ ಚಪ್ಪಲಿ ಕೈಯಲ್ಲಿ ಹಿಡಿದು ಸಮುದ್ರದ ಕಡೆ ಹೊರಟರು. ಗಂಡಸರಲ್ಲಿ ನಾವು ನಾಲ್ವರಲ್ಲದೆ ಮ್ಯಾನೇಜರನ ಮಾವ ಮಾತ್ರ ಇದ್ದರು, ಬಾಯಲ್ಲಿ ಒಂದು ಹಲ್ಲೂ ಇಲ್ಲದ ಅಜ್ಜ. ಎಂದಿನಂತೆ ತರಕಾರಿ ಚೀಲ ಎರಡು ನನ್ನ ಮುಂದೆ ಬಂದು ಕೂತವು. ನಾನು ಚೀಲದಿಂದ ಬಾಳೆಯೆಲೆಯ ಸುರುಳಿ ತೆಗೆದೆ, ಒಂದು ಎಲೆ ಹರಿದೆ, ಜಗಲಿಯ ಮೊದಲ ಜಾಗದಲ್ಲಿ ಚಾಪೆ ಹಾಕಿ ಎಲೆ ಹಾಸಿ ಚಕ್ಕಳಮಕ್ಕಳ ಹಾಕಿ ಕೂತೆ. ಗಂಟೆ ಹತ್ತೂವರೆಯಾಗಿತ್ತು.

"ಎಂತ ಮಾರಾಯ, ಈಗ್ಲೇ ಹಸಿವಾ?" ಎಂದ ಮ್ಯಾನೇಜರ್.

"ಹೌದು. ಹದಿನೇಳು ವರ್ಷದ ಹಸಿವು. ಇವತ್ತು ನಾನು ಮೊದಲ ಪಂಕ್ತಿಯಲ್ಲಿ ಉಣ್ಣುವುದು. ಮಾಡುವುದು ಬಡಿಸುವುದು ನಿಮ್ಮದು."

ಮೂವರೂ ನಕ್ಕರು. ನಾನು ನಗಲಿಲ್ಲ. ಅಂಧೇರಿಯವನು ಹತ್ತಿರ ಬಂದು ನನ್ನ ಭುಜ ಅಲುಗಿಸಿದ. "ಛೋಡ್ ನಾ ಯಾರ್, ತಮಾಷೆ ಸಾಕು. ನಿನ್ನ ಕೈರುಚಿ ನಮಗೆ ಎಲ್ಲಿಂದ ಬರ್ಬೇಕು?"

"ಕೈರುಚಿ ಕುಕ್‌ನದ್ದು. ಅವನಿಗೆ ಇವತ್ತು ರಜೆ. ದೋಸ್ತ್ ಬಂದಿದ್ದಾನೆ, ಅವನಿಗೆ ಊಟ ಹಾಕು."

ಅವನ ಮುಖ ಕಪ್ಪಿಟ್ಟಿತು. ಹೋದ ವರ್ಷದ ಮಾತು ಅವನಿಗೂ ನೆನಪಿತ್ತು ಎನ್ನುವುದು ನನಗೆ ಆಗ ಗೊತ್ತಾಯಿತು, ನೆನಪಿದ್ದೂ ಒಂದು ವರ್ಷ ಸುಮ್ಮನಿದ್ದನಲ್ಲ ಎಂದು ಸಿಟ್ಟು ಇಮ್ಮಡಿಯಾಯಿತು. ಕಚೇರಿಯವನು ನಡುವೆ ಬಂದು, "ಎಲೆಯ ಮುಂದೆ ಕೂತವನನ್ನು ಎಬ್ಬಿಸ್ಬಾರ್ದು, ಬಿಡು" ಎಂದ. ಅದನ್ನೇ ನಾನು ಕಾಯುತ್ತಿದ್ದದ್ದು. ನಮ್ಮ ಕಡೆ ಎಂತಹ ವೈರಿಯಾದರೂ ಸರಿ, ಪಂಕ್ತಿಯಲ್ಲಿ ಕೂತ ಮೇಲೆ ಅವನನ್ನು ಎಬ್ಬಿಸುವ ಹಾಗಿಲ್ಲ. ಕೂತವನೂ ಅಷ್ಟೇ, ಎಲ್ಲರ ಊಟ ಮುಗಿಯದೆ ತಾನೊಬ್ಬನೇ ಎದ್ದು ಹೋಗುವ ಹಾಗಿಲ್ಲ. ಅಂಧೇರಿಯವನು ಸ್ವಲ್ಪ ಹೊತ್ತು ಅಂಗಳದಲ್ಲಿ ಶತಪಥ ಹಾಕಿದ. ಸಮುದ್ರದ ಕಡೆ ಹೋಗಿ ಬಂದ. ಆಮೇಲೆ ಚೀಲ ಎರಡನ್ನೂ ಎತ್ತಿಕೊಂಡು, "ಆಯ್ತು ಮಾರಾಯ, ನೀನು ಕೂತಿರು. ನಾವು ನೋಡ್ಕೊಳ್ತೇವೆ" ಎಂದು ಒಳಗೆ ಹೋದ.

ಗೆದ್ದೆ ಎಂದುಕೊಂಡೆ. ಒಳಗಿನಿಂದ ಕಾಯಿ ತುರಿಯುವ ಸದ್ದು ಬಂತು, ಪಾತ್ರೆ ಬಿದ್ದ ಸದ್ದು ಬಂತು. ಅನುಭವಿಸು ಮಗನೇ, ಹೋಟೆಲಿನ ಸೇಠ್ ಆದವನ ಕಣ್ಣಿಗೆ ಒಲೆಯ ಹೊಗೆ ಸ್ವಲ್ಪ ತಾಗಲಿ ಎಂದು ಒಳಗೊಳಗೇ ಹಿಗ್ಗಿದೆ. ಅವನು ತಲೆಗೆ ಬೈರಾಸು ಸುತ್ತಿಕೊಂಡು, ಬೆವರು ಒರೆಸಿಕೊಳ್ಳುತ್ತ ಎರಡು ಮೂರು ಸಲ ಹೊರಗೆ ಬಂದು ಹೋದ. ನಾನು ಬೇಕೆಂದೇ ಅವನ ಮುಖ ನೋಡಲಿಲ್ಲ.

ಒಂದೂವರೆಗೆ ನನ್ನ ಪಕ್ಕದಲ್ಲಿ ಕಚೇರಿಯವನೂ ಅವನಾಚೆ ಅಜ್ಜನೂ ಕೂತರು. ಅಂಧೇರಿಯವನೂ ಮ್ಯಾನೇಜರನೂ ಬಡಿಸಲು ನಿಂತರು. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಪಲ್ಯ, ಆಮೇಲೆ ಅನ್ನ, ಸಾರು. ಬೇರೆಯವರು ಮಾಡಿ ಬೇರೆಯವರು ಬಡಿಸಿದ ಊಟಕ್ಕೆ ಹಾಗೆ ಕಾಲು ಮಡಚಿ ಕೂತು ಎಷ್ಟು ಕಾಲವಾಗಿತ್ತೋ. ಆದರೆ ನಾನು ಉಂಡದ್ದು ಹಸಿವಿನಿಂದಲ್ಲ, ಹಟದಿಂದ. "ಸಾರು ತಾ" ಎಂದೆ. ಬಂತು. "ಇನ್ನೂ ಸ್ವಲ್ಪ." ಬಂತು. "ಅನ್ನ ಒಣಗಿದೆ, ಸಾರು." ಹುಳಿಯನ್ನೂ ಎರಡೆರಡು ಸಲ ಹಾಕಿಸಿಕೊಂಡೆ, ಪಾಯಸ ಮೂರು ಸಲ. ಅವನ ಕಾಲು ಸೋಲಲಿ ಎನ್ನುವುದೊಂದೇ ನನ್ನ ಲೆಕ್ಕ. ಆದರೂ ಅವನ ಬಾಯಿಂದ ಒಂದು ಗೊಣಗಾಟ ಹೊರಡಲಿಲ್ಲ. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು. ಕೊನೆಗೆ ಕೈ ಎಲೆಯ ಮೇಲೆ ಇಟ್ಟು, ಬಂಗಲೆಗೆಲ್ಲ ಕೇಳುವ ಹಾಗೆ ಕೂಗಿದೆ: "ಸಾರಿಗೆ ಉಪ್ಪಿಲ್ಲ! ಇದನ್ನು ಸಾರು ಅಂತಾರಾ? ಯಾರು ಮಾಡಿದ್ದು ಇದನ್ನು? ನನ್ನ ಹೋಟೆಲಲ್ಲಾದ್ರೆ ಗಿರಾಕಿ ಮುಖಕ್ಕೆ ಎಸೀತಿದ್ದ!"

ಅಡುಗೆಮನೆಯ ಬಾಗಿಲಿಗೆ ನನ್ನ ಹೆಂಡತಿ ಬಂದು ನಿಂತಳು.

ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಹೊಸ ಸೀರೆಯ ನೆರಿಗೆಯ ಮೇಲೆ ಅಂಗೈ ಅಗಲದ ಅರಶಿನದ ಕಲೆ. "ಉಪ್ಪು ಬೇಕಂತಲೇ ಕಮ್ಮಿ ಹಾಕಿದ್ದು. ನಿಮ್ಮ ಬಿ.ಪಿ.ಗೆ ಅಷ್ಟೇ ಸಾಕು. ಬೇರೆಯವರು ಎಲೆಯಲ್ಲಿದ್ದ ಉಪ್ಪನ್ನು ಕಲಸಿಕೊಳ್ಳಿ" ಎಂದು ಹೇಳಿ ಒಳಗೆ ಹೋದಳು.

ಕಚೇರಿಯವನು ನಕ್ಕುಬಿಟ್ಟ. ಅಜ್ಜನೂ ಬೊಚ್ಚು ಬಾಯಿ ಬಿಟ್ಟು ನಕ್ಕರು. ನನ್ನ ಕಿವಿಯಲ್ಲಿ ಬಿಸಿ ಹಬೆ ಹೊಕ್ಕ ಹಾಗಾಯಿತು. "ಅವಳನ್ನು ಒಳಗೆ ಹಾಕಿದ್ದು ಯಾರು?" ಎಂದೆ. ಅಂಧೇರಿಯವನು ಸಾರಿನ ಪಾತ್ರೆ ಕೆಳಗಿಟ್ಟು, "ನಿನಗೆ ಸಿಟ್ಟು ಬಂದಿದೆ, ಎಲೆ ಹಾಕಿ ಕೂತಿದ್ದೀ ಅಂತ ಅವರಿಗೆ ಹೇಳ್ಲಿಕ್ಕೆ ಸಮುದ್ರದ ಕಡೆ ಹೋದದ್ದು ಮಾರಾಯ. ನೀವು ಬಂದು ಎಬ್ಬಿಸಿ ಅಂದೆ. ಅವರು, ಎಬ್ಬಿಸುದು ಬೇಡ, ಅವರು ಕೂತಿರ್ಲಿ, ನಾನೇ ಮಾಡ್ತೇನೆ ಅಂತ ಅರ್ಧ ದಾರಿಯಿಂದ್ಲೇ ತಿರುಗಿ ಹಿಂದಿನ ಬಾಗಿಲಿಂದ ಬಂದ್ರು" ಎಂದ. ಈ ಮೂವರು ಮನುಷ್ಯರಿಗೆ ಒಂದು ಸಲ, ಒಂದೇ ಒಂದು ಸಲ, ನಾವು ಅನ್ನ ಬೇಯಿಸೋಣ ಎನ್ನುವ ಬುದ್ಧಿ ಬರಲಿಲ್ಲ. ಒಬ್ಬ ಅಡುಗೆಯವನು ಏಳದಿದ್ದರೆ ಅವನ ಮನೆಯಿಂದಲೇ ಇನ್ನೊಬ್ಬರನ್ನು ಹುಡುಕಿದರು.

ಎದ್ದು ಒಳಗೆ ಹೋಗಬೇಕೆಂದು ಕಾಲು ಬಿಚ್ಚಿದೆ. ಕಚೇರಿಯವನು ತೊಡೆಯ ಮೇಲೆ ಕೈಯಿಟ್ಟು ಅಜ್ಜನ ಕಡೆ ಕಣ್ಣು ತೋರಿಸಿದ. ಅಜ್ಜ ಒಂದೊಂದೇ ತುತ್ತನ್ನು ವಸಡಿನಲ್ಲಿ ಅರೆಯುತ್ತಿದ್ದರು. ಅವರ ಅನ್ನ ಅರ್ಧ ಬಾಕಿಯಿತ್ತು, ಮಜ್ಜಿಗೆ ಇನ್ನೂ ಬಂದಿರಲಿಲ್ಲ. ಹಿರಿಯರು ಉಣ್ಣುತ್ತಿರುವಾಗ ನಾನು ಏಳುವುದು ಹೇಗೆ? ಬೇರೆ ಗತಿಯಿಲ್ಲದೆ ಖಾಲಿ ಎಲೆಯ ಮುಂದೆ ಕೈ ಒಣಗಿಸಿಕೊಂಡು ಕೂತೆ. ಅವಳು ಮಜ್ಜಿಗೆ ತಂದು ಅಜ್ಜನಿಗೆ ಬಡಿಸಿದಳು, ಕಚೇರಿಯವನಿಗೆ ಬಡಿಸಿದಳು, ನನ್ನ ಎಲೆಗೂ ಒಂದು ಸೌಟು ಹಾಕಿದಳು. ಮನೆಯಲ್ಲಿ ದಿನಾ ಹಾಕುವ ಹಾಗೆಯೇ, ನನ್ನ ಕಡೆ ನೋಡದೆ.

ಅಷ್ಟರಲ್ಲಿ ಉಳಿದ ಮೂವರು ಹೆಂಗಸರು ಸಮುದ್ರದಿಂದ ಬಂದರು. ಅವರ ಸೀರೆಯಂಚು ಮೊಣಕಾಲಿನವರೆಗೆ ಒದ್ದೆ, ಪಾದದ ತುಂಬ ಮರಳು, ಒಬ್ಬಳ ಸೆರಗಿನಲ್ಲಿ ಕಪ್ಪೆಚಿಪ್ಪು. ನನ್ನ ಹೆಂಡತಿಯ ಪಾದದಲ್ಲಿ ಮರಳಿನ ಒಂದು ಕಾಳೂ ಇರಲಿಲ್ಲ. ಅವರು ಮೂವರು ಅಂಧೇರಿಯವನ ಮತ್ತು ಮ್ಯಾನೇಜರನ ಜೊತೆ ಎರಡನೆಯ ಪಂಕ್ತಿಗೆ ಕೂತರು. ಅವಳು ಅವರಿಗೂ ಬಡಿಸಿದಳು. ನಾನು ಕೈ ತೊಳೆದು ಅಡುಗೆಮನೆಗೆ ಹೋಗಿ ಅವಳಿಗೆ ಎದುರಾಗಿ ನಿಂತೆ. ಅವಳು "ದಾರಿ ಬಿಡಿ" ಎಂದು ಅನ್ನದ ಪಾತ್ರೆ ಹಿಡಿದು ದಾಟಿ ಹೋದಳು.

ಎಲ್ಲರದೂ ಆದ ಮೇಲೆ ಅವಳು ಒಂದು ತುಂಡು ಎಲೆ ಹಾಕಿಕೊಂಡು ಅಡುಗೆಮನೆಯ ನೆಲಕ್ಕೆ ಕೂತಳು. ನಾನು ಬಡಿಸಬೇಕೆಂದು ಸೌಟು ತೆಗೆದೆ. ಮೂವತ್ತು ವರ್ಷದಿಂದ ಸೌಟು ಹಿಡಿದ ಕೈ ಅದು. ಸಾರಿನ ಪಾತ್ರೆ ಓರೆ ಮಾಡಿದರೆ ತಳದಲ್ಲಿ ಒಗ್ಗರಣೆಯ ಸಾಸಿವೆ, ಎರಡು ಕರಿಬೇವಿನೆಲೆ. ಹುಳಿಯ ಪಾತ್ರೆಯೂ ಖಾಲಿ. ಪಾಯಸದ ಪಾತ್ರೆ ಆಗಲೇ ತೊಳೆಯಲು ಬಚ್ಚಲಿಗೆ ಹೋಗಿತ್ತು. ಎಲ್ಲ ಯಾರ ಹೊಟ್ಟೆಗೆ ಹೋಗಿದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ತಣ್ಣನೆಯ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಉಪ್ಪಿನಕಾಯಿಯ ಒಂದು ಹೋಳು ಪಕ್ಕಕ್ಕಿಟ್ಟುಕೊಂಡಳು.

ಆಗ ನಾನು ಮಾಡಿದ ಕೆಲಸಕ್ಕೆ ನನಗೆ ನಾಚಿಕೆಯಿದೆ. ಅಂಧೇರಿಯವನ ಮೇಲೆ, ಆ ಇಬ್ಬರ ಮೇಲೆ, ನನ್ನ ಮೇಲೆ ಬಂದ ಸಿಟ್ಟನ್ನೆಲ್ಲ ಒಟ್ಟುಗೂಡಿಸಿ ಅವಳ ಮೇಲೆ ಹರಿಹಾಯ್ದೆ. "ನಿನಗೆ ಬುದ್ಧಿ ಇಲ್ವಾ? ಇವರು ಕರೆದ್ರೆ ಬರ್ಬೇಕಾ? ಒಂದು ಲೋಟ ಸಾರು ನಿನಗೆ ಅಂತ ತೆಗೆದಿಡ್ಲಿಕ್ಕೆ ಏನಾಗಿತ್ತು?" ಎಂದು ಕೂಗಿದೆ. ಅವಳು ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ನಾನೀಗ ಊಟಕ್ಕೆ ಕೂತಿದ್ದೇನೆ," ಎಂದಳು. "ಉಣ್ಲಿಕ್ಕೆ ಬಿಡಿ."