‘ಮರ’ದಲ್ಲಿ ‘ಮ’ ತೆಗೆದರೆ

ಇವತ್ತು ತಲ್ಲೂರಿನ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮೊಮ್ಮಗಳು ಮೊಬೈಲ್ ನೋಡಿಕೊಂಡು ಸ್ಪ್ಯಾನಿಷ್ ಓದಲು ಕಲಿಯುತ್ತಿದ್ದಳು. ‘ಕಾಸಾ’ ಎಂದರೆ ಮನೆಯಂತೆ. ಹುಡುಗಿ ಅದನ್ನು ‘ಕಾ’, ‘ಸಾ’ ಎಂದು ಬಿಡಿಸಿ ಚಪ್ಪಾಳೆ ತಟ್ಟುವುದನ್ನು ಕೇಳುತ್ತಾ ನಾನು ಮನಸ್ಸಿನಲ್ಲೇ ನಮ್ಮ ಹಳೆಯ ಶಾಲೆಗೆ ಹೋಗಿದ್ದೆ.

ಒಂದು, ಎರಡನೇ ಕ್ಲಾಸಿಗೆ ಒಂದೇ ಕೋಣೆ. ನಾನು ಒಂದನೆಯದರಲ್ಲಿ, ಅಕ್ಕ ಎರಡನೆಯದರಲ್ಲಿ. ಒಮ್ಮೆ ಕೇಳಿದ ಕಥೆಯನ್ನು ಅವಳು ಒಂದು ಮಾತೂ ಬಿಡದೆ ಹೇಳುತ್ತಿದ್ದಳು. ಪುಸ್ತಕ ತೆರೆದರೆ ಮಾತ್ರ ಬಾಯಿ ಕಟ್ಟುತ್ತಿತ್ತು.

ಒಂದು ದಿನ ಮೇಷ್ಟ್ರು ಕೇಳಿದರು, “‘ಮರ’ದಲ್ಲಿ ‘ಮ’ ತೆಗೆದರೆ ಏನು ಉಳಿಯುತ್ತದೆ?”

ಅಕ್ಕ ಬಹಳ ಯೋಚಿಸಿ ಹೇಳಿದಳು, “ಬುಡ ಉಳೀತ್.”

ಅವಳ ಕಣ್ಣ ಮುಂದಿದ್ದದ್ದು ಕಡಿದ ಮರ. ಮಾತಿನೊಳಗೆ ಬಿಡಿಬಿಡಿ ಸದ್ದುಗಳಿರುತ್ತವೆ ಎಂದು ಅವಳಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಇಡೀ ಕೋಣೆ ನಕ್ಕಿತು. ಮೇಷ್ಟ್ರು ಅಪ್ಪಯ್ಯನನ್ನು ಕರೆಸಿ, “ಇವಳ ತಲೆಗೆ ಓದು ಹತ್ತುವುದಿಲ್ಲ” ಎಂದರು. ದೋಣಿಯಿಂದ ನೇರ ಬಂದಿದ್ದ ಅಪ್ಪಯ್ಯ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ತಲೆಯಾಡಿಸಿದರು.

“ನಾಳಿಂದ ಅಮ್ಮನ್ ಒಟ್ಟಿಗ್ ಮೀನ್ ಒಣ್ಸೂಕ್ ಹೋಗ್,” ಎಂದರು ಮನೆಗೆ ಬಂದು. ಅಕ್ಕ ಅಳಲಿಲ್ಲ. ತನ್ನ ಚೀಲವನ್ನು ನನ್ನ ಹೆಗಲಿಗೆ ಹಾಕಿ, ಪಟ್ಟಿ ಸರಿಮಾಡಿದಳು. ಆಮೇಲೆ ಅವಳು ಶಾಲೆಯ ಕಡೆ ಬರಲೇ ಇಲ್ಲ.

ಇವತ್ತು ಮೊಮ್ಮಗಳು, “ಅಜ್ಜಿ, ನೀನೂ ಹೇಳ್” ಎಂದು ಕೈ ಹಿಡಿದಳು. ಅಕ್ಕ ಮೆಲ್ಲನೆ ಕೈ ಬಿಡಿಸಿಕೊಂಡಳು.

“ಬ್ಯಾಡ ಮಗಾ, ತಪ್ಪ್ ಹೇಳ್ರೆ ಎಲ್ಲ ನೆಗಾಡ್ತ್ರ್.”

ಮನೆಯಲ್ಲಿದ್ದದ್ದು ನಾವು ಮೂವರೇ.