ಔಷಧಿ ಹೊಡೆದ ಹೊಲದ ಸೊಪ್ಪು

ನಮ್ಮ ಕಡೆ ಕಳೆ ಕೀಳೋಕೆ ಬರೋ ಹೆಂಗಸರು ಹೊಲದ ಸೊಪ್ಪಿಗೆ ಯಾರನ್ನೂ ಕೇಳೋದಿಲ್ಲ. ಕೆಲಸ ಇರಲಿ ಬಿಡಲಿ, ಹೋಗ್ತಾ ಬರ್ತಾ ಅಣ್ಣೆ, ಕೀರೆ, ಗಣಿಕೆ, ಕೈಗೆ ಸಿಕ್ಕಿದ್ದು ಕಿತ್ತು ಮಡಿಲಿಗೆ ತುಂಬಿಕೊಳ್ತಾರೆ. ಬೆರಕೆ ಸೊಪ್ಪಿನ ಬಸ್ಸಾರು ಅಂದ್ರೆ ಅದೇ. ಯಾವ ಹೊಲದವನೂ ಇದುವರೆಗೆ ಬೇಡ ಅಂದಿದ್ದು ನಾನು ಕಂಡಿಲ್ಲ.

ಕಿರುಗಾವಲು ಹತ್ತಿರದ ನಮ್ಮ ಹೊಲಕ್ಕೆ ಅವ್ವನ ಕಾಲದಿಂದ ಆಳು ಕರ್ಕೊಂಡು ಬರ್ತಿದ್ದದ್ದು ಒಬ್ಬಾಕೆ. ನಾನು ಅಕ್ಕ ಅಂತೀನಿ. ನನಗೆ ಚಡ್ಡಿ ಹಾಕ್ಕೊಳೋಕೂ ಬರದಿದ್ದಾಗಿಂದ ಬಲ್ಲವಳು. ಹೋದ ಮುಂಗಾರಲ್ಲಿ ಮುಸುಕಿನ ಜೋಳ ಗೇಣುದ್ದ ಬಂದಾಗ, "ಕಳೆಗೆ ಯಾವತ್ತು ಬರಾನಪ್ಪ?" ಅಂತ ಕೇಳಿದಳು. ನಾನು ಆಗಲೇ ಮಳವಳ್ಳಿಯಿಂದ ಔಷಧಿ ತಂದಿಟ್ಟಿದ್ದೆ. ಜೋಳ ಒಂದನ್ನ ಬಿಟ್ಟು ಮಿಕ್ಕ ಸೊಪ್ಪುಸದೇನೆಲ್ಲ ಸಾಯಿಸೋ ಅಂಥದ್ದು. ಈ ಸಲ ನೀವು ಬೇಡ ಅಂತ ಅವಳ ಮುಖ ನೋಡ್ಕೊಂಡು ಹೇಳೋಕೆ ನಾಚಿಕೆ ಆಯ್ತು. "ಇನ್ನೂ ಕಳೆ ಎದ್ದಿಲ್ಲ ಕಣಕ್ಕ, ಮುಂದಿನ ವಾರ ಹೇಳ್ತೀನಿ" ಅಂದೆ. ಥೂ, ನನ್ನ ಬಾಯಿಗಿಷ್ಟು!

ಮಾರನೇ ದಿನ ಬೆಳಿಗ್ಗೆ ಬೆನ್ನಿಗೆ ಟ್ಯಾಂಕು ಹೊತ್ತು ಹೊಡೆದು ಮುಗಿಸಿದೆ. ಈ ಔಷಧಿ ಬಿದ್ದ ದಿನ ಗಿಡ ನೋಡಿದ್ರೆ ಏನೂ ಗೊತ್ತಾಗಲ್ಲ. ಮೂರು ನಾಲ್ಕು ದಿನ ಆದಮೇಲೆ ಎಲೆ ಬಿಳಿಚ್ಕೊಳ್ತದೆ. ಸಾಯಂಕಾಲ ಗಾಡೀಲಿ ಹೋಗ್ತಿದ್ರೆ ಅಕ್ಕ ನಮ್ಮ ಬದುವಿನಿಂದ ಇಳೀತಿದ್ದಳು, ಮಡಿಲು ತುಂಬ ಸೊಪ್ಪು.

"ಮಗ್ಳು ಬಂದವ್ಳೆ ಕಣಪ್ಪ, ಎಂಟು ತಿಂಗ್ಳು. ಬಸ್ಸಾರು ಬಸ್ಸಾರು ಅಂತ ಒಂದೇ ಸಮ ಪ್ರಾಣ ತಿಂತಾವ್ಳೆ" ಅಂತ ನಕ್ಕಳು.

ಬಾಯಿ ಬಿಟ್ರೆ ನಿನ್ನೆ ಹೇಳಿದ್ದು ಸುಳ್ಳು ಅಂತ ಗೊತ್ತಾಗ್ತದೆ. "ಹೂಂ" ಅಂದೆ. ಗಾಡಿ ಬಿಟ್ಟೆ.

ಕಿರುಗಾವಲಲ್ಲಿ ಟೀ ತಗೊಂಡು ಕೂತೆ. ಹೊಡೆದ ಹೊಲದ ಹುಲ್ಲನ್ನ ಹಸಕ್ಕೂ ಹಾಕಬೇಡಿ ಅಂತ ಔಷಧಿ ಅಂಗಡಿಯವನು ಎರಡು ಸಲ ಹೇಳಿ ಕಳಿಸಿದ್ದ. ನಮ್ಮನೆ ಹಸ ಬಾಯಿ ಹಾಕಿದ್ರೆ ಓಡಿ ಹೋಗಿ ಬಾಯಿಂದ ಕಿತ್ಕೊಳ್ತಿದ್ದೆ. ಬಸುರಿ ಹೆಂಗಸು ತಿಂತಾಳೆ ಅಂದ್ರೆ ಹೂಂ ಅಂದು ಬಂದಿದ್ದೆ. ನಾನೂ ಒಬ್ಬ ಮನುಷ್ಯನಾ? ಗ್ಲಾಸು ಅಲ್ಲೇ ಇಟ್ಟು ಗಾಡಿ ತಿರುಗಿಸಿದೆ.

ಅವರ ಮನೆಗೆ ನುಗ್ಗೋ ಹೊತ್ತಿಗೆ ಸೊಪ್ಪು ಬೇಯಿಸಿ, ಬಸಿದು, ಸಾರೂ ಆಗಿತ್ತು. ಮಗಳು ತಟ್ಟೆ ಮುಂದೆ ಕೂತು ಮುದ್ದೆ ಮುರೀತಿದ್ದಳು. ತಟ್ಟೆ ಕಿತ್ಕೊಂಡೆ. ಆ ಹುಡುಗಿ ಬೆಚ್ಚಿಬಿದ್ದಳು.

"ತಿಂದ್ಯೇನವ್ವ?"

"ಇನ್ನೂ ಬಾಯಿಗೇ ಇಟ್ಟಿಲ್ಲ. ಯಾಕಣ್ಣ?"

"ಔಷ್ದಿ ಹೊಡ್ದಿದ್ದೀನಿ ಕಣವ್ವ ಆ ಸೊಪ್ಪಿಗೆ."

ಅಕ್ಕ ಬಯ್ತಾಳೆ, ಮುಖಕ್ಕೆ ಉಗೀತಾಳೆ ಅನ್ಕೊಂಡೆ. ಉಗಿದಿದ್ರೆ ಚೆನ್ನಾಗಿರ್ತಿತ್ತು. ಸಾರಿನ ಪಾತ್ರೆ ಎತ್ಕೊಂಡು ಹೋಗಿ ಹಿತ್ತಲಲ್ಲಿ ಗುಂಡಿ ತೋಡಿ ಸುರಿದು ಬಂದಳು. ಕೈ ತೊಳ್ಕೊಂಡು ಕೇಳಿದಳು.

"ಯಾವಾಗ ಒಡುದೆ?"

"ಬೆಳಿಗ್ಗೆ."

"ಅಂಗಾರೆ ಸಂಜೆ ನನ್ ಮಡ್ಲು ನೋಡ್ದಾಗ ನಿಂಗೆ ಗೊತ್ತಿತ್ತು."

ನಾನು ಕೈಲಿದ್ದ ತಟ್ಟೆ ಕೆಳಗಿಟ್ಟು ಹೊರಗೆ ಬಂದೆ.

ಮಗಳಿಗೆ ಹೆರಿಗೆ ಆಯ್ತು, ತಾಯಿ ಮಗು ಚೆನ್ನಾಗವ್ರೆ. ಈ ವರ್ಷ ನಾನು ಔಷಧಿ ತರಲಿಲ್ಲ. ಅವಳ ಮನೆ ಬಾಗಿಲಿಗೇ ಹೋಗಿ ಕರೆದೆ. ಬರಲ್ಲ ಅನ್ನಲಿಲ್ಲ, ಆಳು ಕರ್ಕೊಂಡು ಬಂದು ಸಾಲಿಗೆ ಸಾಲು ಕಳೆ ಕಿತ್ತಳು. ಸಂಜೆ ನೋಡ್ತೀನಿ, ಎಳೇ ಅಣ್ಣೆ, ಕೀರೆ ಎಲ್ಲಾ ಬದುವಿನ ಮೇಲೆ ಗುಡ್ಡೆ ಬಿದ್ದಿತ್ತು.

"ತಗೊಂಡೋಗಕ್ಕ, ಏನೂ ಹೊಡ್ದಿಲ್ಲ. ನನ್ನ ಮಕ್ಕಳಾಣೆ" ಅಂದೆ.

"ಗೊತ್ತು ಬುಡಪ್ಪ" ಅಂದಳು. ಸೆರಗಿನ ಮಣ್ಣು ಕೊಡವಿ, ಬರೀ ಮಡಿಲಲ್ಲಿ ಮನೆಗೆ ಹೊರಟಳು.