ದೇಶದ ಜೆರ್ಸಿ ಬೇಡವೆಂದ ಗೆಳೆಯ

ಕೊಡಗಿನಲ್ಲಿ ಬೇಸಿಗೆ ಬಂತೆಂದರೆ ಮನುಷ್ಯನಿಗೆ ಒಂದು ತಂಡ ಬೇಕಾಗುತ್ತದೆ. ಕಾಫಿ ಕೊಯ್ಲು ಮುಗಿದು, ಹೂಮಳೆ ಬಿದ್ದು, ತೋಟದ ಕೆಲಸ ಸಡಿಲಗೊಳ್ಳುವ ಆ ತಿಂಗಳುಗಳಲ್ಲಿ ಮನೆತನಕ್ಕೊಂದು ತಂಡ ಕಟ್ಟಿ ಆಡುವುದು ಇಲ್ಲಿಯ ರೂಢಿ. ಹಾಕಿಯಿಂದ ಮೊದಲಾದ ಈ ರೂಢಿಯನ್ನು ಬೇರೆ ಬೇರೆ ಸಮುದಾಯದವರು ಕ್ರಿಕೆಟ್ಟಿಗೂ ಹಗ್ಗಜಗ್ಗಾಟಕ್ಕೂ ಒಯ್ದಿದ್ದಾರೆ. ಜೆರ್ಸಿಯ ಬೆನ್ನ ಮೇಲೆ ಆಟಗಾರನ ಹೆಸರಿಗಿಂತ ದೊಡ್ಡದಾಗಿ ಮನೆಯ ಹೆಸರಿರುತ್ತದೆ. ಹೊಟ್ಟೆ ಬಂದ ದೊಡ್ಡಪ್ಪ ಗೋಲಿನಲ್ಲಿ ನಿಲ್ಲುತ್ತಾನೆ. ಮದುವೆಯಾಗಿ ದೂರ ಹೋದ ಮಗಳು ರಜೆ ಹಾಕಿ ಬಂದು ಮುಂಚೂಣಿಯಲ್ಲಿ ಆಡುತ್ತಾಳೆ. ಸೋತರೂ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿ ಎದ್ದು ಹೋಗುತ್ತಾರೆ. ನೋಡಲು ಬಹಳ ಚೆಂದ. ಆದರೆ ನೋಡಲು ಮಾತ್ರ ಸಾಧ್ಯವಿದ್ದವರೂ ಕೆಲವರಿದ್ದೆವು.

ನಮ್ಮದು ಮಡಿಕೇರಿಯ ಅರ್ಚಕರ ಮನೆ. ತಂದೆ ಶಾಲಾ ಮೇಷ್ಟರಾಗಿ ಸೋಮವಾರಪೇಟೆಗೆ ವರ್ಗವಾಗಿ ಬಂದರು. ಹನ್ನೊಂದು ಜನರನ್ನು ಮೈದಾನಕ್ಕಿಳಿಸುವ ಬಳಗವಾಗಲಿ ಹುಮ್ಮಸ್ಸಾಗಲಿ ನಮ್ಮ ಮನೆಯಲ್ಲಿರಲಿಲ್ಲ. ನನ್ನ ಗೆಳೆಯನ ತಂದೆ ಪೇಟೆಯ ಹೊರಗಿನ ಎಸ್ಟೇಟೊಂದರಲ್ಲಿ ರೈಟರ್. ಕೆಲಸದವರ ಹಾಜರಿಯನ್ನೂ ಕಾಫಿ ಪಿಕಿಂಗಿನ ತೂಕವನ್ನೂ ಬರೆದಿಡುವ ಕೆಲಸ ಅವರದು. ಅವರು ಶನಿವಾರಸಂತೆಯ ಆಚೆಯಿಂದ ಬಂದು ಲೈನಿನ, ಅಂದರೆ ಕೆಲಸದವರ ಸಾಲುಮನೆಗಳ, ಪಕ್ಕದ ಕ್ವಾರ್ಟರ್ಸಿನಲ್ಲಿ ನೆಲೆಸಿದವರು. ಪ್ರತಿ ಬೇಸಿಗೆಯಲ್ಲೂ ನಾವಿಬ್ಬರು ಮೈದಾನದ ಬೇಲಿಗೆ ಒರಗಿ ನಿಂತು ಪಂದ್ಯಗಳನ್ನು ನೋಡುತ್ತಿದ್ದೆವು. ಚೆಂಡು ಬೇಲಿಯಾಚೆ ಬಂದಾಗ ಅವನು ಅದನ್ನು ಎಡಗಾಲಿನಿಂದ ಒದ್ದು ಒಳಗೆ ಕಳಿಸುತ್ತಿದ್ದ. ಹಾಕಿ ಚೆಂಡನ್ನು ಒದೆಯುತ್ತಾನಲ್ಲ ಎಂದು ಒಳಗಿನವರು ನಗುತ್ತಿದ್ದರು.

ಮುಂದೆ ಒಂದೇ ಕಾಲೇಜಿನಲ್ಲಿ ಅವನು ಫುಟ್‌ಬಾಲ್ ಆಡಿದ, ನಾನು ಚರ್ಚಾಸ್ಪರ್ಧೆಗಳಲ್ಲಿ ಮಾತನಾಡಿದೆ. ಚೀಟಿ ಎತ್ತಿ, ಬಂದ ಪಕ್ಷವನ್ನೇ ಸಮರ್ಥಿಸಬೇಕೆಂಬುದು ಸ್ಪರ್ಧೆಯ ನಿಯಮ. ನಂಬದ ಪಕ್ಷ ಬಂದಾಗಲೆಲ್ಲ ನಾನು ಸೋಲುತ್ತಿದ್ದೆ. ನಂಬಿದ ಪಕ್ಷ ಬಂದರೆ ಸೋತ ನೆನಪಿಲ್ಲ. ಈ ದೌರ್ಬಲ್ಯ ಇಟ್ಟುಕೊಂಡು ಬಹಳ ದೂರ ಹೋಗಲಾರೆ ಎಂದು ನಮ್ಮ ಉಪನ್ಯಾಸಕರು ಎಚ್ಚರಿಸಿದ್ದರು. ನಾನು ನಿಜಕ್ಕೂ ದೂರ ಹೋಗಲಿಲ್ಲ. ಸೋಮವಾರಪೇಟೆಯಲ್ಲೇ ಪ್ರೌಢಶಾಲೆಯ ಶಿಕ್ಷಕನಾದೆ. ಒಂದಷ್ಟು ತರುಣರನ್ನು ಸೇರಿಸಿ ಒಂದು ಸಂಘ ಕಟ್ಟಿದೆ. ಲೈನಿನ ಮಕ್ಕಳು, ತೋಟದ ಮಾಲೀಕರ ಮಕ್ಕಳು, ಪೇಟೆಯ ಅಂಗಡಿಯವರ ಮಕ್ಕಳು ಒಂದೇ ತಂಡದಲ್ಲಿ ಫುಟ್‌ಬಾಲ್ ಆಡಬೇಕು, ಜೆರ್ಸಿಯ ಮೇಲೆ ಮನೆಯ ಹೆಸರೂ ಇರಬಾರದು, ಎಸ್ಟೇಟಿನ ಹೆಸರೂ ಇರಬಾರದು ಎಂಬುದು ನಮ್ಮ ಉದ್ದೇಶವಾಗಿತ್ತು. ಯಾರ ಬಳಿ ಹೋದರೂ ಮೊದಲು ಕೇಳುತ್ತಿದ್ದದ್ದು, "ಇದು ಯಾರ ಟೀಮು ಸಾರ್?" ಎಲ್ಲರದ್ದು ಎಂದರೆ ಅವರ ಮುಖದಲ್ಲಿ ಒಂದು ಬಗೆಯ ಕರುಣೆ ಮೂಡುತ್ತಿತ್ತು.

ಅಷ್ಟರಲ್ಲಿ ನನ್ನ ಗೆಳೆಯ ರಾಜ್ಯದ ಗಡಿಯಾಚೆಯ, ಮಲಯಾಳ ಮಾತಿನ ನಗರವೊಂದರ ಕ್ಲಬ್ಬಿಗೆ ಸೇರಿ ಎಡಬದಿಯ ಡಿಫೆಂಡರನಾಗಿ ಹೆಸರು ಮಾಡಿದ್ದ. ಒಂದು ಸಲ ರಾಷ್ಟ್ರೀಯ ತಂಡದ ತರಬೇತಿ ಶಿಬಿರಕ್ಕೂ ಹೋಗಿ, ಅಲ್ಲಿ ಮೊಣಕಾಲು ಪೆಟ್ಟಾಗಿ ಒಂದು ಪಂದ್ಯವನ್ನೂ ಆಡದೆ ಮರಳಿದ್ದ. ಕಾಲು ವಾಸಿಯಾಗಲು ಬಹಳ ಕಾಲ ಹಿಡಿಯಿತು. ಹೀಗಿರುವಾಗ ಮತ್ತೆ ಅವನಿಗೆ ಕರೆ ಬಂದಿರುವ ಸುದ್ದಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ಪಿಕಿಂಗಿನ ಕಾಲ. ಅಕ್ಕನ ಮಗುವಿನ ನಾಮಕರಣಕ್ಕೆಂದು ಅವನು ಊರಿಗೆ ಬಂದಿದ್ದ. ನಮ್ಮ ಸಂಘ ಮುಖ್ಯರಸ್ತೆಯಲ್ಲಿ ಅವನ ಫೋಟೋ ಇರುವ ಫ್ಲೆಕ್ಸ್ ಕಟ್ಟಿತು, ಸಮುದಾಯ ಭವನದಲ್ಲಿ ಸನ್ಮಾನ ಏರ್ಪಡಿಸಿತು. ಹೋಗುತ್ತೀಯಾ ಎಂದು ಅವನನ್ನು ಯಾರೂ ಕೇಳಲಿಲ್ಲ. ಕೆಲಸ ಆಗುವ ಮೊದಲೇ ಶಾಲು ಹೊದೆಸುವುದು ನಮ್ಮ ಕಡೆಯ ಪ್ರೀತಿಯ ಕ್ರಮ. ಅದನ್ನು ಬೇಡ ಎನ್ನುವ ಕ್ರಮ ಮಾತ್ರ ನಮ್ಮಲ್ಲಿಲ್ಲ.

ಮೈಸೂರು ಪೇಟ ತೊಟ್ಟು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ವೇದಿಕೆಯಲ್ಲಿ ಕುಳಿತಿದ್ದ. ಅಭಿನಂದನಾ ಭಾಷಣ ನನ್ನದು. ಮನೆ, ಜಾತಿ, ತೋಟ, ಊರು ಇವೆಲ್ಲವನ್ನೂ ಕಳಚಿಟ್ಟು ತೊಡಬಹುದಾದ ಅಂಗಿ ಈ ನೆಲದಲ್ಲಿ ಒಂದೇ ಇದೆ, ಅದು ದೇಶದ ಜೆರ್ಸಿ, ಅದನ್ನು ನಮ್ಮ ಲೈನಿನ ಪಕ್ಕದ ಮನೆಯವನು ತೊಡಲಿದ್ದಾನೆ ಎಂದು ಹೇಳಿದೆ. ಮುಂದಿನ ಸಾಲಿನಲ್ಲಿ ಅವನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನ ಸರದಿ ಬಂದಾಗ ಅವನು ಮೈಕಿನ ಮುಂದೆ ನಿಂತು, "ಎಲ್ರಿಗೂ ಥ್ಯಾಂಕ್ಸ್. ಊಟ ಮಾಡ್ಕೊಂಡೇ ಹೋಗಿ," ಎಂದ. ಸಭೆ ನಕ್ಕಿತು.

ಮಾರನೆಯ ಬೆಳಿಗ್ಗೆ ಅವನನ್ನು ಬಸ್ಸಿಗೆ ಬಿಡಲು ಹೋದೆ. ಎಸ್ಟೇಟಿನ ದಾರಿಯಲ್ಲಿ ನಡೆಯುತ್ತಿರುವಾಗ ಅವನು ಹೇಳಿದ, "ನಾನು ಹೋಗ್ತಿಲ್ಲ ಕಣೋ."

"ಎಲ್ಲಿಗೆ?"

"ಕ್ಯಾಂಪಿಗೆ. ಬರಕ್ಕಾಗಲ್ಲ ಅಂತ ಮೊನ್ನೆನೇ ಹೇಳಿದ್ದೀನಿ."

"ಮತ್ತೆ ನಿನ್ನೆ ಪೇಟ ಯಾಕೆ ಇಡಿಸ್ಕೊಂಡೆ?"

"ನೀನು ಮೈಕ್ ಬಿಟ್ಟಿದ್ರೆ ಮೊದ್ಲೇ ಹೇಳ್ತಿದ್ದೆ. ಅಮ್ಮ ಅಳೋ ತನಕ ಮಾತಾಡ್ದೆ. ಆಮೇಲೆ ನಾನೇನು ಹೇಳ್ಲಿ ಮಾರಾಯ?"

ಕ್ಲಬ್ಬಿನವರು ತಡೆದರೇ ಎಂದು ಕೇಳಿದೆ. ಕ್ಲಬ್ಬುಗಳು ಆಟಗಾರರನ್ನು ದೇಶದ ತಂಡಕ್ಕೆ ಬಿಟ್ಟುಕೊಡಲೇಬೇಕಾದ ದಿನಗಳು ಇವೆಯಂತೆ. ಅವನಿಗೆ ಕರೆ ಬಂದಿದ್ದ ಪಂದ್ಯಾವಳಿ ಆ ದಿನಗಳ ಹೊರಗೆ ಬಿದ್ದಿತ್ತು. ಆದರೂ ಅವರು ತಡೆದಿರಲಿಲ್ಲ.

"ನಿನ್ನಿಷ್ಟ ಅಂದ್ರು. ಅದೇ ಕಷ್ಟ ಆಗಿದ್ದು. ಟೀಮು ಕೊನೇ ಸ್ಥಾನದಲ್ಲಿದೆ. ಇನ್ನೂ ನಾಕು ಮ್ಯಾಚ್ ಸೋತ್ರೆ ಕೆಳಗಿನ ಲೀಗಿಗೆ ಬೀಳುತ್ತೆ. ಎಡಗಡೆ ಆಡೋನು ನನ್ನ ಬಿಟ್ರೆ ಒಬ್ಬನೇ ಇದ್ದ, ಅವ್ನ ಕಾಲೂ ಮುರಿದಿದೆ."

ನಾನು ವಾದಿಸಿದೆ. ಕ್ಲಬ್ಬು ಇಂದು ಸೋತು ನಾಳೆ ಮೇಲೇಳಬಹುದು. ದೇಶಕ್ಕೆ ಆಡುವ ವಯಸ್ಸು ಮತ್ತೆ ಬರುವುದಿಲ್ಲ. ಕ್ಲಬ್ಬು ನಿನ್ನನ್ನು ಆರಿಸಿಕೊಂಡದ್ದು ತನ್ನ ಗೆಲುವಿಗೆ. ದೇಶದ ತಂಡದಲ್ಲಿ ನೀನು ಆಡುವುದು ಈ ಲೈನುಗಳಲ್ಲಿ ಬರಿಗಾಲಲ್ಲಿ ಒದೆಯುವ ಪ್ರತಿಯೊಬ್ಬರ ಪರವಾಗಿ. ನೀನು ಹೋಗದಿದ್ದರೆ ಅವರಿಗೆ ಏನೆಂದು ಹೇಳಲಿ? ಹೀಗೆ ಒಂದರ ಮೇಲೊಂದು ಜೋಡಿಸಿ ಹೇಳಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡ.

"ಆಯ್ತು, ನೀನೇ ಗೆದ್ದೆ," ಎಂದ. "ಶೀಲ್ಡ್ ಎಲ್ಲಿ ತಗೋತೀಯ, ಇಲ್ಲೋ ಬಸ್‌ಸ್ಟ್ಯಾಂಡಲ್ಲೋ?"

ನಾನು ನಗಲಿಲ್ಲ. ಅವನೂ ನಗು ನಿಲ್ಲಿಸಿದ.

"ಹೋದ್ಸಲ ಅಲ್ಲಿ ಕಾಲು ಹೋದಾಗ ಒಂದು ಮೆಸೇಜ್ ಬಂತು, ಬೇಗ ಹುಷಾರಾಗು ಅಂತ. ಅಷ್ಟೇ. ಕ್ಲಬ್ಬಲ್ಲಿ ಅಡುಗೆ ಮಾಡೋ ಚೇಟ್ಟ, ನಾವು ಅಣ್ಣ ಅಂತೀವಲ್ಲ ಹಾಗೆ, ದಿನಾ ರೂಮಿಗೆ ಗಂಜಿ ತಂದು ಕೊಡೋರು. ನಾನು ನಡೆಯೋಕೆ ಕಲಿತಿದ್ದು ಅವ್ರ ಹೆಗಲು ಹಿಡ್ಕೊಂಡು."

"ದೇಶ ಅಂದ್ರೆ ಕ್ಯಾಂಪಿನ ಆಫೀಸಲ್ಲ ಕಣೋ."

"ಇರಬೋದು. ಒಂದು ಕೇಳ್ತೀನಿ, ಹೇಳು. ಬೇಸಿಗೇಲಿ ಬೇಲಿ ಹತ್ರ ನಿಂತಿರ್ತಿದ್ವಲ್ಲ. ಇಂಥೋನು ಸ್ಟೇಟ್ ಕ್ಯಾಂಪ್ ಬಿಟ್ಟು ಮನೆ ಟೀಮಿಗೆ ಆಡಕ್ಕೆ ಬಂದಿದ್ದಾನೆ ಅಂತ ಜನ ಎಷ್ಟು ಹೆಮ್ಮೆಯಿಂದ ಹೇಳೋರು. ಅವ್ನಿಗೆ ಯಾರಾದ್ರೂ ದೇಶದ ಪಾಠ ಹೇಳಿದ್ರಾ? ನಂಗೆ ಮನೆ ಟೀಮ್ ಇರ್ಲಿಲ್ಲ. ಈಗ ಇದೆ. ಅದು ಸೋಲ್ತಾ ಇದೆ."

ನನಗೆ ಉತ್ತರ ಹೊಳೆದದ್ದು ಬಸ್‌ಸ್ಟ್ಯಾಂಡಿಗೆ ಬಂದು, ಬಸ್ಸು ಕಾಣಿಸಿದ ಮೇಲೆ. "ಬೇಲಿಯೇ ಇಲ್ಲದ ಟೀಮು ಅದೊಂದೇ. ಅದಕ್ಕೇ ನೀನು ಹೋಗ್ಬೇಕು," ಎಂದೆ.

"ಅದು ನಿನ್ನ ಆಸೆ. ಕಾಲು ನಂದು," ಎಂದು ಹೇಳಿ ಅವನು ಹಣ್ಣಿನ ಬುಟ್ಟಿಯನ್ನು ನನ್ನ ಕೈಗಿತ್ತು ಬಸ್ಸು ಹತ್ತಿದ.

ಊರು ಈ ಸುದ್ದಿಯನ್ನು ಅರಗಿಸಿಕೊಂಡ ವೇಗ ನನಗೆ ಇಂದಿಗೂ ಬೆರಗು. ಸಂತೆಯ ದಿನ ಹೋಟೆಲಿನಲ್ಲಿ ನಾನು ಈ ಮಾತೆತ್ತಿದಾಗ ಗಲ್ಲಾದ ಮೇಲಿದ್ದವರು, "ಅವ್ನ ಕಾಲು, ಅವ್ನ ಆಟ. ನಿಮಗ್ಯಾಕೆ ಸಾರ್ ಹೊಟ್ಟೆನೋವು? ಇನ್ನೊಂದು ಕಾಫಿ ಹೇಳ್ಲಾ?" ಎಂದರು. ಇಳಿಸಿದ ಫ್ಲೆಕ್ಸನ್ನು ಯಾರೋ ಒಯ್ದು ಕಣದಲ್ಲಿ ಕಾಫಿ ಒಣಗಿಸಲು ಹಾಸಿದ್ದರು. ಒಂದು ಸಂಜೆ ಕಾಫಿಹಣ್ಣು ರಾಶಿ ಮಾಡುತ್ತಿದ್ದ ಹೆಂಗಸು ಕೈ ಆಡಿಸಿದಂತೆಲ್ಲ ಅವನ ಹಣೆ, ಮೂಗು ಕಾಣಿಸಿಕೊಂಡವು. ಅವರು ತಪ್ಪೇನೂ ಮಾಡುತ್ತಿರಲಿಲ್ಲ. ಬೇಸರಪಟ್ಟುಕೊಳ್ಳುವವನು ಊರಿಗೆಲ್ಲ ನಾನೊಬ್ಬನೇ ಎಂಬುದು ಮಾತ್ರ ಅಂದು ಸ್ಪಷ್ಟವಾಯಿತು.

ದೇಶದ ತಂಡದ ಮೊದಲ ಪಂದ್ಯವೂ ಅವನ ಕ್ಲಬ್ಬಿನ ನಿರ್ಣಾಯಕ ಪಂದ್ಯವೂ ಒಂದೇ ಭಾನುವಾರ ಬಂದವು. ಅದು ದೂರದ ದೇಶದಲ್ಲಿ ನಮ್ಮ ಮಧ್ಯಾಹ್ನದ ಹೊತ್ತಿಗೆ, ಇದು ಗಡಿಯಾಚೆ ಸಂಜೆಗೆ. ನಮ್ಮ ಸಂಘದವರು ಟೆಂಪೋ ಟ್ರಾವೆಲರ್ ಗೊತ್ತುಮಾಡಿ, ಗಡಿಯ ಕುಟ್ಟದ ದಾರಿಯಾಗಿ ಕ್ಲಬ್ಬಿನ ಪಂದ್ಯಕ್ಕೆ ಹೊರಟರು. ಸಂಘದ ಕಾರ್ಯದರ್ಶಿ, ಬೇಕರಿ ಇಟ್ಟಿದ್ದ ತರುಣ, ನನ್ನನ್ನು ಕರೆಯಲು ಮನೆಗೇ ಬಂದ.

"ಬನ್ನಿ ಸಾರ್, ಕಿಟಕಿ ಸೀಟು ನಿಮಗೇ. ದಾರೀಲಿ ಭಾಷಣ ಮಾಡಲ್ಲ ಅಂದ್ರೆ ಸಾಕು."

"ನಾನು ಶಾಲೆಯಲ್ಲಿ ದೇಶದ ಮ್ಯಾಚ್ ಹಾಕಿಸ್ತಿದ್ದೇನೆ. ಯಾರಾದರೂ ಉಳಿದವರಿದ್ದರೆ ಕಳಿಸಿ," ಎಂದೆ.

"ಯಾರೂ ಉಳಿಯಲ್ಲ ಸಾರ್. ಸೀಟೇ ಸಾಲ್ತಿಲ್ಲ," ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ.

ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಸ್ಮಾರ್ಟ್ ಕ್ಲಾಸಿನ ಕೋಣೆ ತೆರೆದೆ. ಬೆಂಚುಗಳನ್ನು ಸಾಲಾಗಿ ಜೋಡಿಸಿ, ಬಾಗಿಲು ತೆರೆದಿಟ್ಟು, ನಡುವಿನ ಸಾಲಿನಲ್ಲಿ ಕುಳಿತೆ. ರಾಷ್ಟ್ರಗೀತೆ ಬಂದಾಗ ಎದ್ದು ನಿಂತೆ. ಖಾಲಿ ಕೋಣೆಯಲ್ಲಿ ಎದ್ದು ನಿಲ್ಲುವುದು ಎಷ್ಟು ಮುಜುಗರದ ಕೆಲಸವೆಂಬುದು ನನಗೆ ಅದುವರೆಗೆ ತಿಳಿದಿರಲಿಲ್ಲ. ಆದರೂ ಮುಗಿಯುವವರೆಗೆ ನಿಂತೇ ಇದ್ದೆ.

ಗೆಳೆಯನ ಜಾಗದಲ್ಲಿ ಎಳೆಯ ವಯಸ್ಸಿನ ಆಟಗಾರನೊಬ್ಬ ಇಳಿದಿದ್ದ. ಎದುರಾಳಿಗಳು ಅವನ ದೌರ್ಬಲ್ಯವನ್ನು ಬೇಗನೆ ಕಂಡುಕೊಂಡು ಮತ್ತೆ ಮತ್ತೆ ಅದೇ ಬದಿಯಿಂದ ನುಗ್ಗಿದರು. ಗೋಲು ಆ ಬದಿಯಿಂದಲೇ ಬಂತು. ಅವನು ಸೊಂಟದ ಮೇಲೆ ಕೈಯಿಟ್ಟು ನೆಲ ನೋಡುತ್ತ ನಿಂತಾಗ ನನಗೆ ಗೆಳೆಯನ ಮೇಲೆ ಸಿಟ್ಟು ಬಂತು. ದ್ವಿತೀಯಾರ್ಧದಲ್ಲಿ ಆ ಎಳೆಯ ಆಟಗಾರ ಸುಧಾರಿಸಿಕೊಂಡ; ಒಂದು ಖಚಿತ ಗೋಲನ್ನು ಗೆರೆಯ ಮೇಲೆ ಬಿದ್ದು ತಡೆದ. ನಾನು ಚಪ್ಪಾಳೆ ತಟ್ಟಿದೆ. ನಮ್ಮ ತಂಡ ಆ ಒಂದು ಗೋಲಿನಿಂದ ಸೋತಿತು.

ಪರದೆ ಆರಿಸುವಷ್ಟರಲ್ಲಿ ಫೋನ್ ಬಂತು. ಅವನದೇ. ಬಸ್‌ಸ್ಟ್ಯಾಂಡಿನ ಆ ಬೆಳಿಗ್ಗೆಯ ನಂತರ ನಾವು ಮಾತನಾಡಿರಲಿಲ್ಲ.

"ನೋಡ್ದಾ?" ಎಂದ.

"ನೋಡ್ದೆ. ನೀನು?"

"ಹೋಟೆಲ್ ರೂಮಲ್ಲಿ. ಸ್ಟೇಡಿಯಮ್ಮಿಗೆ ಹೊರಡೋ ಟೈಮು, ಅಷ್ಟರಲ್ಲಿ ಮುಗೀತು. ಆ ಹುಡುಗ ಮೊದ್ಲು ಮುಂದೆ ಹೋಗಿ ನಿಲ್ತಿದ್ದ, ಆಮೇಲೆ ಸರಿಯಾದ. ಒಳ್ಳೆ ಪ್ಲೇಯರ್ ಆಗ್ತಾನೆ." ಸಂಘದವರಿಂದ ಸುದ್ದಿ ತಿಳಿದಿತ್ತೇನೋ, "ಸ್ಕೂಲಲ್ಲಿ ಎಷ್ಟು ಜನ ಇದ್ರು?" ಎಂದು ಕೇಳಿದ.

"ನಾನೊಬ್ಬನೇ."

ಅವನು ತಮಾಷೆ ಮಾಡಬಹುದೆಂದು ಕಾದೆ. ಮಾಡಲಿಲ್ಲ.

"ಇನ್ನೊಬ್ರು ಹೇಳೋದಕ್ಕೆ ಮುಂಚೆ ನಾನೇ ಹೇಳ್ತೀನಿ," ಎಂದ. "ಇನ್ಮೇಲೆ ನನ್ನ ಕರೀಬೇಡಿ ಅಂತ ಕ್ಯಾಂಪಿನವರಿಗೆ ಹೇಳಿದ್ದೀನಿ. ಈ ವರ್ಷ ಮಾತ್ರ ಅಲ್ಲ."

ಹೇಳಬೇಕಾದ ಮಾತುಗಳು ನನ್ನಲ್ಲಿದ್ದವು. ಆ ಮಧ್ಯಾಹ್ನದ ಗೋಲೇ ಒಂದು ವಾದವಾಗಿತ್ತು. ಇವತ್ತಿಗೂ ನನ್ನ ಪಕ್ಷ ತಪ್ಪೆಂದು ನನಗೆ ಅನಿಸಿಲ್ಲ; ಎಲ್ಲರಿಗೂ ಸೇರಿದ ಒಂದು ತಂಡ ಇರಲೇಬೇಕು, ಅದಕ್ಕೆ ನಮ್ಮಲ್ಲಿ ಉತ್ತಮನಾದವನು ಆಡಲೇಬೇಕು. ಆದರೆ ಫೋನಿನಲ್ಲಿ ಅವನ ಹಿಂದೆ ಯಾರೋ ಮಲಯಾಳದಲ್ಲಿ ಅವನನ್ನು ಕರೆಯುತ್ತಿದ್ದರು, ಬೂಟುಗಳ ಸದ್ದು, ನಗು, ಬಾಗಿಲು ತಟ್ಟುವ ಸದ್ದು ಕೇಳುತ್ತಿತ್ತು. ಅವನು "ವರುನ್ನು" ಎಂದು ಅವರಿಗೆ ಕೂಗಿ ಹೇಳಿದ. ಅಷ್ಟು ಸಲೀಸಾಗಿ ಅವನು ಯಾರಿಗಾದರೂ ಬಂದೆ ಎಂದದ್ದನ್ನು ನಾನು ನಮ್ಮೂರಿನಲ್ಲಿ ಕೇಳಿರಲಿಲ್ಲ.

"ಕಾಲು ಹೇಗಿದೆ?" ಎಂದು ಕೇಳಿದೆ.

"ಚೆನ್ನಾಗಿದೆ."

"ಸರಿ, ಹೋಗು. ಕಾಯ್ತಿದ್ದಾರೆ."

ಅವನು ಫೋನ್ ಇಟ್ಟ. ನಾನು ಬೆಂಚುಗಳನ್ನು ಒಂದೊಂದಾಗಿ ಎಳೆದು, ಸೋಮವಾರದ ತರಗತಿಗೆ ಬೇಕಾದಂತೆ ಹಾಕತೊಡಗಿದೆ.